ಐವತ್ತು ಮಾರಿನ ಗೆರೆ: ರಾಕ್‌ಫಿಶ್ ನಿರ್ಬಂಧ ಬೇಕೇ, ಬೇಡವೇ?

ಉತ್ತರ ಕ್ಯಾಲಿಫೋರ್ನಿಯಾದಲ್ಲಿ 2023ರ ಆಗಸ್ಟ್‌ನಿಂದ ಹವ್ಯಾಸಿ ಬೋಟುಗಳು 50 ಫ್ಯಾದಮ್‌ಗಿಂತ ಆಳದಲ್ಲಷ್ಟೇ ರಾಕ್‌ಫಿಶ್ (ಸಮುದ್ರತಳದ ಬಂಡೆಗಳ ನಡುವೆ ಬದುಕುವ ಮೀನುಗಳ ಗುಂಪು) ಹಿಡಿಯಬೇಕೆಂಬ ನಿಯಮ ಬಂತು. ಫ್ಯಾದಮ್ ಅಂದರೆ ಆರಡಿ, ಹೆಚ್ಚುಕಡಿಮೆ ನಮ್ಮ ಒಂದು ಮಾರು. ಕಾರಣ, ಆ ಗೆರೆಯ ಒಳಗಿನ ಬಂಡೆಗಳಲ್ಲಿ ವಾಸಿಸುವ, ತೀರಾ ಕಡಿಮೆಯಾಗಿದೆ ಎಂದು ಅಂದಾಜಿಸಿದ್ದ ಕ್ವಿಲ್‌ಬ್ಯಾಕ್ ಎಂಬ ರಾಕ್‌ಫಿಶ್. 2024ಕ್ಕೂ ಇಂಥದ್ದೇ ನಿಯಮದ ಪ್ರಸ್ತಾಪವಿತ್ತು. ಆಗ ಸ್ಯಾನ್ ಫ್ರಾನ್ಸಿಸ್ಕೊ ಬೇ ಏರಿಯಾದ ಇಬ್ಬರು ಗಾಳಪ್ರಿಯ ಕನ್ನಡಿಗರನ್ನು ಕೇಳಿದ್ದೆವು.

ಪರ: ಸ್ವಲ್ಪ ಕಾಯೋಣ

ಈ ಕಡೆ ಬರೆಯಲು ಯಾರೂ ಸಿಗಲಿಲ್ಲವಂತೆ, ನನ್ನನ್ನು ಹಿಡಿದರು. ಗೆರೆ ಹಾಕಿದ ದಿನ ನಾನೂ ಬೈದವನೇ. ಆದರೆ ಲೆಕ್ಕ ನೋಡಿದರೆ ಒಪ್ಪಲೇಬೇಕಾಗುತ್ತದೆ.

2021ರ ಅಂದಾಜಿನಂತೆ, ಮನುಷ್ಯ ಗಾಳವನ್ನೇ ಹಾಕದಿದ್ದರೆ ಇಲ್ಲಿ ಎಷ್ಟು ಕ್ವಿಲ್‌ಬ್ಯಾಕ್ ಇರಬೇಕಿತ್ತೋ ಅದರ ಸುಮಾರು 14% ಮಾತ್ರ ಉಳಿದಿತ್ತು. 25%ಗಿಂತ ಕೆಳಗಿಳಿದರೆ ಅಪಾಯ ಅಂತ ಲೆಕ್ಕ. ಈ ಮೀನು ತೊಂಬತ್ತು ವರ್ಷ ದಾಟಿಯೂ ಬದುಕಬಲ್ಲದು. ನೀವು ಎಳೆದ ಮೀನು ನಿಮ್ಮ ಅಜ್ಜಿಗಿಂತ ಹಿರಿಯದಿರಬಹುದು. ಅಂಥದ್ದು ಹೋದರೆ ಅದರ ಜಾಗ ತುಂಬಲು ಎಷ್ಟು ವರ್ಷ ಬೇಕು?

ಸಿಕ್ಕಿದರೆ ವಾಪಸ್ ಬಿಡ್ತೀವಿ ಅನ್ನುವವರು ಒಮ್ಮೆ ಮೀನಿನ ಮುಖ ನೋಡಲಿ. ಆಳದಿಂದ ಮೇಲೆ ಬರುತ್ತಾ ಒಳಗಿನ ಗಾಳಿಚೀಲ ಉಬ್ಬುತ್ತದೆ. ಕಣ್ಣು ಗುಡ್ಡೆ ಹೊರಗೆ, ಹೊಟ್ಟೆ ಬಾಯೊಳಗೆ. ನೀರಿಗೆ ಬಿಟ್ಟರೆ ಮುಳುಗಲಾರದೆ ತೇಲುತ್ತದೆ, ಸೀಗಲ್ ಹಕ್ಕಿ ಬಂದು ಕುಕ್ಕುತ್ತದೆ.

ನಿರ್ಬಂಧದಿಂದ ಫಲ ಸಿಕ್ಕಿಲ್ಲವೇ? 2000ದಲ್ಲಿ ಕುಸಿದಿದೆ ಎಂದು ಘೋಷಿಸಿದ್ದ ಕೆನರಿ ರಾಕ್‌ಫಿಶ್ 2015ಕ್ಕೆ ಚೇತರಿಸಿಕೊಂಡಿತು. ಬೊಕಾಚಿಯೊ ಎಂಬ ಇನ್ನೊಂದು ರಾಕ್‌ಫಿಶ್ 2017ಕ್ಕೆ. ನಮ್ಮೂರ ಕಡೆಯೂ ಮಳೆಗಾಲದಲ್ಲಿ 61 ದಿನ ಯಾಂತ್ರಿಕ ಬೋಟು ಕಟ್ಟಿಹಾಕುವುದಿಲ್ವಾ? ವಿರೋಧಿಸುವವರ ಪೈಕಿ ಅರ್ಧ ಜನರಿಗೆ ಫ್ರೀಜರ್ ತುಂಬಲಿಲ್ಲ ಅನ್ನುವುದೇ ದುಃಖ.

ಸಣ್ಣ ಬೋಟಿನವರಿಗೆ ಕಷ್ಟ ಅನ್ನುವುದು ನಿಜ. ಅದನ್ನು ಪಕ್ಕದವರು ಬರೆಯುತ್ತಾರೆ ಬಿಡಿ.

ವಿರೋಧ: ಒಂದು ಮೀನಿಗಾಗಿ ಇಡೀ ಸಮುದ್ರವೇ?

ಹೌದು, ಬರೆಯುತ್ತೇನೆ. ನನ್ನ ಫ್ರೀಜರಿನಲ್ಲಿ ಸದ್ಯ ಇರುವುದು ಬಟಾಣಿ ಮತ್ತು ತೆಂಗಿನತುರಿ.

ಹಾಫ್ ಮೂನ್ ಬೇ ಕಡೆ ಒಂಬತ್ತು ವರ್ಷದಿಂದ ಗಾಳ ಹಾಕುತ್ತಿದ್ದೇನೆ. ನನಗೆ ಸಿಕ್ಕಿರುವುದು ಒಂದೇ ಒಂದು ಕ್ವಿಲ್‌ಬ್ಯಾಕ್. ಅದರ ಸಲುವಾಗಿ ಕರಿ ರಾಕ್‌ಫಿಶ್, ನೀಲಿ ರಾಕ್‌ಫಿಶ್, ಲಿಂಗ್‌ಕಾಡ್ ಯಾವುದನ್ನೂ ದಡದ ಹತ್ತಿರ ಬೋಟಿನಿಂದ ಮುಟ್ಟುವಂತಿರಲಿಲ್ಲ. ಒಂದು ಮೀನಿಗಾಗಿ ಇಡೀ ಸಮುದ್ರವೇ?

ಆ 14% ಎಲ್ಲಿಂದ ಬಂತು ಗೊತ್ತಾ? ಮುಖ್ಯವಾಗಿ ಹಿಡಿದ ಮೀನಿನ ಲೆಕ್ಕ ಮತ್ತು ಮೀನುಗಳ ಉದ್ದ, ಅಷ್ಟೇ ಇಟ್ಟುಕೊಂಡು ಮಾಡಿದ ಅಂದಾಜು. ಅಜ್ಜಿ ವಯಸ್ಸಿನ ಕಥೆ ಹೇಳುವವರು ಇಲ್ಲಿನ ಎಷ್ಟು ಮೀನುಗಳ ವಯಸ್ಸು ನೋಡಿದ್ದಾರೆ? ಮೊದಲು ಅಳೆಯಿರಿ, ಆಮೇಲೆ ಬೀಗ ಹಾಕಿ. ಬೀಗವೇನು ಕಡಿಮೆ ಇದೆಯಾ? ರಾಜ್ಯದ ಕರಾವಳಿ ನೀರಿನ 16%ರಷ್ಟು 124 ಸಂರಕ್ಷಿತ ಪ್ರದೇಶಗಳಲ್ಲಿದೆ. ಸಾಲ್ಮನ್ ಹಂಗಾಮು 2023ರಲ್ಲಿ ಪೂರ್ತಿ ರದ್ದು. ಬಾಡಿಗೆ ಬೋಟಿನವರು ರಾಕ್‌ಫಿಶ್ ನಂಬಿಕೊಂಡು ಉಸಿರಾಡುತ್ತಿದ್ದರು.

ಇನ್ನು ಕಣ್ಣು ಗುಡ್ಡೆ ವಿಷಯ. ಮೀನಿನ ಬಾಯಿಗೆ ಕ್ಲಿಪ್ ಹಾಕಿ, ತೂಕ ಕಟ್ಟಿ, ಮತ್ತೆ ಆಳಕ್ಕೆ ಇಳಿಸಿಬಿಡುವ ಡಿಸೆಂಡರ್ ಇದೆ. ನಾನು ಇಟ್ಟುಕೊಂಡಿದ್ದೇನೆ. ಅದಿರಲಿ, ನಮ್ಮನ್ನು ಐವತ್ತು ಮಾರಿನಾಚೆ ಅಟ್ಟಿದರೆ ಅಲ್ಲಿಂದ ಎಳೆದ ಮೀನಿನ ಕಣ್ಣು ಇನ್ನೂ ಜಾಸ್ತಿ ಹೊರಗೆ ಬರುವುದಿಲ್ವಾ?

ಅಪ್ಪನ ವಿಷಯ ಹೇಳದೆ ಇರಲಾರೆ. ಹೊನ್ನಾವರದವರು. ಶರಾವತಿ ಅಳಿವೆಯಲ್ಲಿ ಎಪ್ಪತ್ತು ವರ್ಷ ಕೈಗಾಳ ಹಾಕಿದವರು. 2023ರಲ್ಲಿ ಇಲ್ಲಿಗೆ ಬಂದಿದ್ದರು. ಆಗಸ್ಟ್ ಕೊನೆಯ ಶನಿವಾರಕ್ಕೆ ಟಿಕೆಟ್ ತೆಗೆದಿದ್ದೆ. ದಡದಿಂದ ಕೂಗಳತೆ ದೂರದ ಬಂಡೆಗಳ ಹತ್ತಿರ, ಹದಿನೈದು ಮಾರು ನೀರಲ್ಲಿ, ಆರಾಮಾಗಿ ಹಿಡಿಯಲಿ ಅಂತ. ಅಷ್ಟರಲ್ಲಿ ಗೆರೆ ಬಿತ್ತು. ಬೋಟು ನಿಲ್ಲದೆ ಓಡಿತು, ಹತ್ತು ಮೈಲಿಗೂ ಜಾಸ್ತಿ. ಅಪ್ಪ ಎರಡು ಸಲ ವಾಂತಿ ಮಾಡಿಕೊಂಡರು. ಮೀನುಗಾರರ ಮಗ!

ಗಾಳಕ್ಕೆ ಬೊಂಡಾಸಿನ (ಸ್ಕ್ವಿಡ್) ತುಂಡು ತಾವೇ ಸಿಕ್ಕಿಸಿದರು. ಬೋಟಿನ ಹುಡುಗ ಸಿಕ್ಕಿಸಿದ್ದು ಅವರಿಗೆ ಸರಿ ಬರಲಿಲ್ಲ. ಒಂದು ಪೌಂಡಿನ ಸೀಸ ಮುನ್ನೂರಡಿ ಇಳಿಯಿತು. ಕಚ್ಚಿದ ಹಾಗಾಯಿತು, ಸುತ್ತತೊಡಗಿದರು. ಸುತ್ತಿದರು, ನಿಂತರು, ಮತ್ತೆ ಸುತ್ತಿದರು. ಮೇಲೆ ಬಂದಿದ್ದು ಬೋಳು ಗಾಳ. ಮೂರನೇ ಸಲಕ್ಕೆ ರಾಡನ್ನು ನನ್ನ ಕೈಗೆ ಕೊಟ್ಟು, ‘ಇದೆಂತ ಗಾಳ ಮಾರಾಯ, ಬಾವಿ ಸೇದಿದ ಹಂಗಾಯ್ತು’ ಅಂದು ಬೆಂಚಿನ ಮೇಲೆ ಮಲಗಿಬಿಟ್ಟರು.

ದಡದಲ್ಲಿ ಅಳತೆ ಹಲಗೆ ಹಿಡಿದ ಹುಡುಗಿಯೊಬ್ಬಳು ನಿಂತಿದ್ದಳು, ಯಾರಿಗೆ ಎಷ್ಟು ಮೀನು ಸಿಕ್ಕಿತು ಅಂತ ಬರೆದುಕೊಳ್ಳುವ ಸರ್ವೆಯವಳು. ‘ಮೀನು ಅಳೆಯೂದಕ್ಕೂ ಸಂಬಳ ಕೊಡ್ತ್ರಾ?’ ಅಂತ ಅಪ್ಪ ಕೇಳಿದರು. ಅವಳು ಇವರಿಗೆ ಎಷ್ಟು ಸಿಕ್ಕಿತು ಅಂದಳು. ಅಪ್ಪ ಖಾಲಿ ಕೈ ತೋರಿಸಿದರು. ಅವಳು ಸೊನ್ನೆ ಬರೆದುಕೊಂಡಳು.

ಮುಂದಿನ ಅಂದಾಜಿನಲ್ಲಿ ಮೀನೇ ಇಲ್ಲ ಅನ್ನುವುದಕ್ಕೆ ಆ ಸೊನ್ನೆಯೂ ಸಾಕ್ಷಿ ಹೇಳುತ್ತದೇನೋ.