ಕೂತವರಿಗೆ ಮಾತ್ರ ‘ಓಡಿ’

ಮೆಡಿಕಲ್ ಕಾಲೇಜಿನಲ್ಲಿ ‘ಓಡಿ’ ಅನ್ನೋ ಮಾತಿಗೂ ಕಾಲಿಗೂ ಯಾವ ಸಂಬಂಧವೂ ಇಲ್ಲ. ಅದು ಆನ್ ಡ್ಯೂಟಿ, ಅಂದರೆ ಕಾಲೇಜಿನ ಹೊರಗಿದ್ದರೂ ಹಾಜರಿ. ಥಿಯರಿಗೆ ನೂರಕ್ಕೆ 75, ಪ್ರಾಕ್ಟಿಕಲ್ಸಿಗೆ 80 ಹಾಜರಾತಿ ಇಲ್ಲದಿದ್ದರೆ ಪರೀಕ್ಷೆಗೆ ಬಿಡುವುದಿಲ್ಲ, ಹಾಗಾಗಿ ಕಾಲೇಜಿನಿಂದ ಎಲ್ಲಿಗೇ ಹೊರಟರೂ ಈ ಓಡಿ ಲೆಟರ್ ಬೇಕು. ಒಮ್ಮೆ ಧೈರ್ಯ ಮಾಡಿ ಕೇಳಿದ್ದೆ. ಚಿಕ್ಕಮಗಳೂರಿನ ಕಾಫಿ ತೋಟಗಳಲ್ಲಿ ಟ್ರೇಲ್ ರನ್ ಇದೆ ಸರ್, 50 ಕಿಲೋಮೀಟರು, ಎರಡು ದಿನ ಓಡಿ ಬೇಕಿತ್ತು ಅಂತ. ಸರ್ ಕನ್ನಡಕ ಮೂಗಿನ ತುದಿಗೆ ಇಳಿಸಿಕೊಂಡು ನೋಡಿದರು. “ಓಡೋಕೆಲ್ಲ ಓಡಿ ಕೊಡಲ್ಲಪ್ಪಾ. ಕಾನ್ಫರೆನ್ಸ್ ಇದ್ರೆ ಹೇಳು.”

ಕಾನ್ಫರೆನ್ಸ್ ಸಿಕ್ಕಿತು. ಬೆಂಗಳೂರಲ್ಲಿ, ಎರಡು ದಿನ, ರಾಜ್ಯದ ಮೆಡಿಕಲ್ ವಿದ್ಯಾರ್ಥಿಗಳಿಗೆ. ವಿಷಯ ಏನು ಗೊತ್ತಾ? ಕೂತು ಕೂತು ಬರುವ ಕಾಯಿಲೆಗಳು. ಬೆಳಿಗ್ಗೆ ಒಂಬತ್ತರಿಂದ ಸಂಜೆ ಆರರವರೆಗೆ ಕೂತು ಕೇಳಬೇಕು.

ನನಗೆ ಖುಷಿಯೇ ಆಯಿತು. ಸಭಾಂಗಣದಿಂದ ತುರಹಳ್ಳಿ ಕಾಡು ಹತ್ತಿರ. ಬೆಂಗಳೂರಿನ ಮೌಂಟನ್ ಬೈಕಿನವರು ವರ್ಷಗಟ್ಟಲೆ ಮಂಡಿ ತರಚಿಕೊಂಡು ಸೈಕಲ್ ಕಲಿತ ಜಾಗ ಅದು. ಬಂಡೆ, ನೀಲಗಿರಿ ಮರ, ಕೆಂಪು ಮಣ್ಣು, ಒಬ್ಬರೇ ಹೋಗುವಷ್ಟು ಕಾಲುದಾರಿ. ಮೊದಲ ದಿನ ಬೆಳಿಗ್ಗೆ ಸೈಕಲ್, ಎರಡನೇ ದಿನ ಓಟ, ಒಂಬತ್ತಕ್ಕೆ ಇಸ್ತ್ರಿ ಶರ್ಟು. ಇದು ಲೆಕ್ಕ.

ಲೆಕ್ಕ ತಪ್ಪಿದ್ದು ನಾನು ಸಮಯ ಪಾಲಿಸಲು ಹೋಗಿದ್ದರಿಂದ. ಎಂಟು ಗಂಟೆ ಆಯ್ತಲ್ಲ, ಉದ್ಘಾಟನೆ ತಪ್ಪಿಹೋಗುತ್ತೆ ಅಂತ ಇಳಿಜಾರಲ್ಲಿ ಜೋರಾಗಿ ಬಂದೆ. ಬಂಡೆ ಮೇಲೆ ಸಣ್ಣ ಸಣ್ಣ ಕಲ್ಲು ಹರಡಿತ್ತು, ಗಾಬರಿಯಲ್ಲಿ ಮುಂದಿನ ಬ್ರೇಕ್ ಒತ್ತಿದೆ, ಚಕ್ರ ಜಾರಿತು, ಮಂಡಿ ನೆಲ ಸವರಿಕೊಂಡು ಹೋಯಿತು. ಮುಖ್ಯ ಅತಿಥಿ ಬಂದಿದ್ದು ಹತ್ತೂಮುಕ್ಕಾಲಿಗೆ. ಅಷ್ಟರಲ್ಲಿ ಇನ್ನೂ ಎರಡು ಸುತ್ತು ಹೊಡೆದು, ನಿಧಾನವಾಗಿ ಬೀಳಬಹುದಿತ್ತು.

ಗೇಟಿನಲ್ಲಿ ಸೆಕ್ಯೂರಿಟಿ ತಡೆದರು. “ಸೈಕಲ್ ಒಳಗೆ ಬಿಡಂಗಿಲ್ಲ ಸಾರ್. ಡೆಲಿಗೇಟ್ಸ್ ಕಾರ್ ಮಾತ್ರ.” ನಾನೇ ಡೆಲಿಗೇಟು ಅಂದೆ. ನನ್ನನ್ನೂ ಟೈರಿನ ಮಣ್ಣನ್ನೂ ಒಮ್ಮೆ ನೋಡಿ, ಜನರೇಟರ್ ಹಿಂದೆ ಜಾಗ ತೋರಿಸಿದರು.

ಒಳಗೆ ಸುಮಾರು ಐನೂರು ಜನ ಭಾವಿ ಡಾಕ್ಟರುಗಳು. ಮಂಡಿಗೆ ಹಾಕಲು ಒಂದು ತುಂಡು ಹತ್ತಿ ಇಲ್ಲ. ಫಸ್ಟ್ ಏಡ್ ಪೆಟ್ಟಿಗೆ ಗೋಡೆ ಮೇಲಿತ್ತು, ಬೀಗ ಹಾಕಿತ್ತು, ಬೀಗದ ಕೈ ಯಾರ ಹತ್ತಿರ ಇತ್ತೋ ಅವರು ಮುಖ್ಯ ಅತಿಥಿಯನ್ನು ಕರೆತರಲು ವಿಮಾನ ನಿಲ್ದಾಣಕ್ಕೆ ಹೋಗಿದ್ದರು. ಅಷ್ಟರಲ್ಲಿ ಮೂವರು ಸುತ್ತುವರಿದರು. ಕೇಸ್ ಸಿಕ್ಕಿದೆ, ಬಿಡ್ತಾರಾ? ಒಬ್ಬ ಹೆಸರು, ವಯಸ್ಸು, ಉದ್ಯೋಗದಿಂದ ಶುರು ಮಾಡಿದ. ನೋವು ಎಷ್ಟು ದಿನದಿಂದ ಇದೆ? ಮನೆಯಲ್ಲಿ ಯಾರಿಗಾದರೂ ಹೀಗೇ ಆಗಿತ್ತಾ? ರಕ್ತ ಕಾಲುಚೀಲಕ್ಕೆ ಇಳಿಯುತ್ತಿತ್ತು, ಅವನಿನ್ನೂ ಊಟ ನಿದ್ರೆಯ ಬಗ್ಗೆ ಕೇಳುತ್ತಿದ್ದ. ಕೊನೆಗೆ ಅದೇ ಸೆಕ್ಯೂರಿಟಿಯವರು ನಲ್ಲಿ ಹತ್ತಿರ ಕರೆದುಕೊಂಡು ಹೋಗಿ, ಸೋಪು ಕೊಟ್ಟು, ಹರಿಯೋ ನೀರಲ್ಲಿ ಚೆನ್ನಾಗಿ ತೊಳೆಸಿದರು. “ಟಿಟಿ ಇಂಜೆಕ್ಷನ್ ಆಗಿದೆಯಾ ಸಾರ್?” ಆ ಎರಡು ದಿನದಲ್ಲಿ ನಾನು ಕೇಳಿದ ಅತ್ಯಂತ ಸರಿಯಾದ ವೈದ್ಯಕೀಯ ಪ್ರಶ್ನೆ ಅದು.

ಭಾಷಣ ಚೆನ್ನಾಗಿಯೇ ಇತ್ತು, ಸುಮ್ನೆ ಹೇಳಬಾರದು. ವಿಶ್ವ ಆರೋಗ್ಯ ಸಂಸ್ಥೆಯ 2022ರ ಅಂದಾಜಿನ ಪ್ರಕಾರ ಜಗತ್ತಿನ ವಯಸ್ಕರಲ್ಲಿ ಶೇಕಡಾ 31 ಜನ, ಅಂದರೆ ಸುಮಾರು 180 ಕೋಟಿ, ಮೈ ಬಗ್ಗಿಸುವುದು ಸಾಲದು. ನಮ್ಮ ದೇಶದಲ್ಲಂತೂ ಹತ್ತಿರ ಹತ್ತಿರ ಅರ್ಧ ಜನ. ವಾರಕ್ಕೆ ಕನಿಷ್ಠ 150 ನಿಮಿಷ ಮಿತ ವ್ಯಾಯಾಮ ಬೇಕು, ಇಲ್ಲವೇ 75 ನಿಮಿಷ ಏದುಸಿರು ಬರುವಂಥದ್ದು. ಐನೂರು ಜನ ಕೂತಲ್ಲೇ ತಲೆ ಆಡಿಸಿದರು. ಆ ದಿನದ ವ್ಯಾಯಾಮ ಅಷ್ಟೇ. ಆಮೇಲೆ ಗಣ್ಯರಿಗೆ ಶಾಲು, ಹಣ್ಣಿನ ಬುಟ್ಟಿ, ನೆನಪಿನ ಕಾಣಿಕೆ. ವೇದಿಕೆಗೆ ಮೆಟ್ಟಿಲು ಇದ್ದದ್ದು ಮೂರು. ಅದನ್ನು ಹತ್ತಿಸೋಕೆ ಕೈ ಹಿಡಿಯಲು ಇಬ್ಬರು.

ಊಟಕ್ಕೆ ಪೂರಿ, ಜಾಮೂನು, ಬೋಂಡ, ಜೊತೆಗೆ ಎಣ್ಣೆಯಲ್ಲಿ ತೇಲುವ ಬದನೆಕಾಯಿ ಎಣ್ಣೆಗಾಯಿ. ಶಾಸ್ತ್ರ ಹೇಳೋಕೆ, ಬದನೆಕಾಯಿ ತಿನ್ನೋಕೆ ಅನ್ನೋ ಗಾದೆಯನ್ನು ಇಷ್ಟು ನಿಷ್ಠೆಯಿಂದ ಬಡಿಸಿದ್ದನ್ನು ನಾನು ಬೇರೆಲ್ಲೂ ನೋಡಿಲ್ಲ.

ಹಾಜರಾತಿ ಮಾತ್ರ ಬಹಳ ಕಟ್ಟುನಿಟ್ಟು. ಕೊರಳಿನ ಟ್ಯಾಗನ್ನು ಪ್ರತಿ ಸೆಷನ್ನಿಗೂ ಸ್ಕ್ಯಾನ್ ಮಾಡಿಸಬೇಕು. ಎರಡನೇ ದಿನ ನಾನು ಮಂಡಿಗೆ ಪಟ್ಟಿ ಕಟ್ಟಿಕೊಂಡು ಕುಂಟುತ್ತಾ ತುರಹಳ್ಳಿಗೆ ಹೋದೆ, ನನ್ನ ಟ್ಯಾಗು ರೂಮ್‌ಮೇಟ್ ಕೊರಳಲ್ಲಿ ಕಾನ್ಫರೆನ್ಸಿಗೆ ಹೋಯಿತು. ಅವನ ಕೊರಳಲ್ಲಿ ಅವನದೂ ಸೇರಿ ಏಳು ಟ್ಯಾಗಿತ್ತಂತೆ, ಗಣೇಶನ ಹಬ್ಬದ ಹಾರದ ಹಾಗೆ. ಸ್ಕ್ಯಾನ್ ಮಾಡೋ ಹುಡುಗಿ, “ಏಳು ಜನ ಬಂದಿದೀರಾ ಅಣ್ಣ?” ಅಂದಳಂತೆ. ಇವನು ಹೂಂ ಅಂದನಂತೆ. ಏಳು ಸಲ ಬೀಪ್.

ನಾಲ್ಕು ಗಂಟೆಗೆ ನಾನು ಒಳಗೆ ಬರೋದಕ್ಕೂ ಮೈಕಿನಲ್ಲಿ ನನ್ನ ಹೆಸರು ಕೂಗೋದಕ್ಕೂ ಸರಿಹೋಯಿತು. ಒಂದೂ ಸೆಷನ್ ತಪ್ಪಿಸದೆ ಕೂತವರ ಹೆಸರು ಚೀಟಿ ಎತ್ತಿದ್ದರಂತೆ, ನನ್ನದು ಬಂದಿತ್ತು. ಕೆಂಪು ಮಣ್ಣು ಮೆತ್ತಿದ ಶೂನಲ್ಲೇ ವೇದಿಕೆ ಹತ್ತಿದೆ, ಫೋಟೋಗೆ ಹಲ್ಲು ಕಿರಿದೆ. ಬಹುಮಾನ ಒಂದು ಫಿಟ್‌ನೆಸ್ ಬ್ಯಾಂಡು.

“ಕೂತಿದ್ದು ನಾನು, ಕೊಡಿಲ್ಲಿ” ಅಂತ ರೂಮ್‌ಮೇಟ್ ಕಿತ್ತುಕೊಂಡು ಅಲ್ಲೇ ಕಟ್ಟಿಕೊಂಡ. ನ್ಯಾಯವೇ. ಸಮಾರೋಪ ಭಾಷಣ ಒಂದು ಗಂಟೆ ದಾಟಿತ್ತು, ಅವನ ಕೈ ಗುಂಯ್ ಅಂತು. ಬ್ಯಾಂಡಿನ ಮೇಲೆ ಎದ್ದು ನಿಂತ ಮನುಷ್ಯನ ಚಿತ್ರ, ಕೆಳಗೆ ತುಂಬಾ ಹೊತ್ತಿಂದ ಕೂತಿದ್ದೀರಿ, ಸ್ವಲ್ಪ ಓಡಾಡಿ ಅಂತ ಸೂಚನೆ. ಅವನು ಎರಡು ಸಲ ಕುಟ್ಟಿ ನೋಡಿ ನನ್ನ ಕಿವಿ ಹತ್ತಿರ ಬಂದ.

“ಲೋ, ಇದು ಕೆಟ್ಟಿದೆ ಕಣೋ.”