ಕಾರ್ಟರ್ ಕಡಲೆಕಾಯಿ ತೋಟ ಮಾರಿದ ಮೆಸೇಜ್ ಸರಿಯಿಲ್ಲ

"ಅಮೆರಿಕದ ಅಧ್ಯಕ್ಷರಾಗಲು ಜಿಮ್ಮಿ ಕಾರ್ಟರ್ ತಮ್ಮ ಕಡಲೆಕಾಯಿ ತೋಟ ಮಾರಲೇಬೇಕಾಯಿತು, ಅಲ್ಲಿ ಕಾನೂನೇ ಹಾಗಿದೆ" ಅನ್ನೋ ಮೆಸೇಜ್ ಮತ್ತೆ ಓಡಾಡುತ್ತಿದೆ. ಕಳೆದ ವಾರ ನಾನೂ ಅದನ್ನು ಹಂಚಿದ್ದೆ. ತಪ್ಪಾಯಿತು, ಅಳಿಸಿದ್ದೇನೆ.

ಕಾರ್ಟರ್ ಆಗ ತೋಟ ಮಾರಲಿಲ್ಲ. 1977ರಲ್ಲಿ ಅಧಿಕಾರಕ್ಕೆ ಬಂದಾಗ ಜಾರ್ಜಿಯಾದ ಪ್ಲೇನ್ಸ್ ಊರಿನ ತಮ್ಮ ಜಮೀನು, ಕಡಲೆಕಾಯಿ ವ್ಯಾಪಾರ ಎರಡನ್ನೂ ಒಂದು ಟ್ರಸ್ಟ್‌ಗೆ, ಅಂದರೆ ಮಾಲೀಕರ ಪರವಾಗಿ ಬೇರೆಯವರು ಆಸ್ತಿ ನೋಡಿಕೊಳ್ಳುವ ವ್ಯವಸ್ಥೆಗೆ, ಒಪ್ಪಿಸಿದರು. ಅದನ್ನು ನೋಡಿಕೊಂಡವರು ಅವರ ಸ್ನೇಹಿತರೂ ವಕೀಲರೂ ಆದ ಚಾರ್ಲ್ಸ್ ಕರ್ಬೊ. ಅಧಿಕಾರ ಮುಗಿಸಿ ಬಂದಾಗ ವ್ಯಾಪಾರದ ಮೇಲೆ ಸುಮಾರು 10 ಲಕ್ಷ ಡಾಲರ್ ಸಾಲ ಇತ್ತು. ವ್ಯಾಪಾರ ಮಾರಿದ್ದು ಆಮೇಲೆ, 1981ರಲ್ಲಿ. ಅದೂ ಸಾಲ ತೀರಿಸೋಕೆ.

ಕಾನೂನಿನ ಮಾತಂತೂ ಪೂರ್ತಿ ಉಲ್ಟಾ. ಸ್ವಂತ ಹಣಕಾಸಿನ ಲಾಭ ಇರುವ ವಿಷಯದಲ್ಲಿ ಸರ್ಕಾರಿ ಅಧಿಕಾರಿ ಕೈಹಾಕಬಾರದು ಅಂತ ಅಲ್ಲಿನ ಕ್ರಿಮಿನಲ್ ಕಾನೂನಿನ 208ನೇ ಸೆಕ್ಷನ್ ಹೇಳುತ್ತದೆ, ಆದರೆ ಅದು ಅಧ್ಯಕ್ಷರಿಗೆ, ಉಪಾಧ್ಯಕ್ಷರಿಗೆ ಅನ್ವಯಿಸೋದಿಲ್ಲ, 1989ರ ತಿದ್ದುಪಡಿಯಲ್ಲಿ ಇದನ್ನು ಬಿಡಿಸಿಯೇ ಬರೆದಿದ್ದಾರೆ. ಆಸ್ತಿ ವಿವರ ಬಹಿರಂಗ ಮಾಡಬೇಕು ಅನ್ನೋದು ಮಾತ್ರ ಕಡ್ಡಾಯ. ಹಾಗಂತ ಹೇಳುವ 1978ರ ಕಾನೂನಿಗೆ ಸಹಿ ಹಾಕಿದವರು ಕಾರ್ಟರ್ ಅವರೇ.

ಅಂದರೆ ತೋಟ, ವ್ಯಾಪಾರವನ್ನು ಅವರು ಟ್ರಸ್ಟ್‌ಗೆ ಒಪ್ಪಿಸಿದ್ದು ಯಾರೂ ಒತ್ತಾಯಿಸದೆ ಮಾಡಿದ ಕೆಲಸ. ನನಗೆ ಅದೇ ದೊಡ್ಡದು ಅನಿಸುತ್ತದೆ. ಕಾನೂನಿದೆ ಅಂತ ನಂಬಿ ನಾವು ಸುಮ್ನೆ ಕೂತರೆ ಇಲ್ಲದ ಕಾನೂನನ್ನು ಕೇಳೋರೂ ಇರೋದಿಲ್ಲ, ಅಲ್ವಾ?

ದಯವಿಟ್ಟು ಆ ಮೆಸೇಜ್ ಫಾರ್ವರ್ಡ್ ಮಾಡಬೇಡಿ. ಈಗಾಗಲೇ ಕಳಿಸಿದ್ದರೆ ಅದೇ ಗುಂಪಿಗೆ ಇದನ್ನೂ ಕಳಿಸಿ.