ಮಾರಿಯೊ ಓಡಿತು ಅಂದ ಕೂಡಲೇ ಸೆಟ್ ಸರಿ ಉಂಟು ಅಂತ ಅಲ್ಲ ಮಾರಾಯ್ರೆ

ಈಗಷ್ಟೇ ಒಂದು ರೀಲ್ ನೋಡಿ ತಲೆ ಬಿಸಿಯಾಗಿದೆ. ನಮ್ಮ ಮಂಗಳೂರು ಕಡೆಯದ್ದೇ ಮಾತು, ಒಳ್ಳೆ ಲೈಟಿಂಗು, ಮೇಜಿನ ಮೇಲೆ 60 ಪಿನ್ನಿನ ಹಳೆ ಟಿವಿ ಗೇಮ್. ಮಾರಿಯೊ ಕ್ಯಾಸೆಟ್ ಹಾಕಿದರು, ಓಡಿತು. ಕಾಂಟ್ರಾ ಹಾಕಿದರು, ಪರದೆ ತುಂಬ ಚಿಂದಿಚಿಂದಿ, ಆಮೇಲೆ ಸ್ತಬ್ಧ. ತೀರ್ಪು ಬಂದೇಬಿಟ್ಟಿತು: ಸೆಟ್ ಪಕ್ಕಾ ಉಂಟು, ಕ್ಯಾಸೆಟ್‌ನ ರೋಮ್ (ಆಟವನ್ನು ಹಿಡಿದಿಟ್ಟ ಚಿಪ್) ಹೋಗಿದೆ, ಬಿಸಾಡಿ. ಕೆಳಗೆ ಎಲ್ಲರದ್ದೂ ಚಪ್ಪಾಳೆ.

ಅಲ್ಲ, ಮಾರಿಯೊ ಓಡಿದರೆ ಎಂತ ಸಾಬೀತಾಯಿತು? 1985ರ ಸೂಪರ್ ಮಾರಿಯೊ ಬ್ರದರ್ಸ್‌ನಲ್ಲಿ ಪ್ರೋಗ್ರಾಮ್ 32 ಕೆಬಿ, ಚಿತ್ರಗಳು 8 ಕೆಬಿ. ಕ್ಯಾಸೆಟ್‌ನ ಪ್ರೋಗ್ರಾಮಿಗೆ ಪ್ರೊಸೆಸರ್ ಬಿಟ್ಟುಕೊಟ್ಟ ಜಾಗವೂ ಸರಿಯಾಗಿ 32 ಕೆಬಿ. ಎಲ್ಲವೂ ಒಮ್ಮೆಗೇ ಕಾಣುತ್ತದೆ, ಬ್ಯಾಂಕ್ (ಪ್ರೋಗ್ರಾಮಿನ ತುಂಡು) ಬದಲಿಸುವ ಪ್ರಶ್ನೆಯೇ ಇಲ್ಲ. ಅಮೆರಿಕದ ಕಾಂಟ್ರಾ 128 ಕೆಬಿ. 16 ಕೆಬಿಯ 8 ಬ್ಯಾಂಕು. ಮೇಲಿನ 16 ಕೆಬಿಯಲ್ಲಿ ಕೊನೆಯ ಬ್ಯಾಂಕ್ ಯಾವಾಗಲೂ ಕೂತಿರುತ್ತದೆ, ಕೆಳಗಿನ 16 ಕೆಬಿಯಲ್ಲಿ ಬೇಕಾದ ಬ್ಯಾಂಕನ್ನು ಆಟವೇ ಕರೆಸಿಕೊಳ್ಳುತ್ತದೆ. (ಜಪಾನಿನ ಕಾಂಟ್ರಾದಲ್ಲಿ ಕೊನಾಮಿಯ ಬೇರೆಯೇ ಚಿಪ್. ಅದು ಇಲ್ಲಿಯ ಮಾತಲ್ಲ.)

ಆ ಕರೆಸುವ ಕೆಲಸ ಮಾಡುವುದು ಎರಡು ಬಡಪಾಯಿ ಚಿಪ್‌ಗಳು, 74ಎಚ್‌ಸಿ161 ಮತ್ತು 74ಎಚ್‌ಸಿ32. 161 ಹುಟ್ಟಿನಿಂದ ಕೌಂಟರ್. ಇಲ್ಲಿ ಮಾತ್ರ ಎಣಿಸುವ ಕೆಲಸ ಇಲ್ಲ, ಬ್ಯಾಂಕ್ ನಂಬರ್ ಹಿಡಿದಿಟ್ಟುಕೊಂಡರೆ ಸಾಕು. ಪ್ರೊಸೆಸರ್ ರೋಮ್‌ನ ವಿಳಾಸಕ್ಕೆ ಏನಾದರೂ ಬರೆದರೆ ರೋಮ್ ಎಂತ ಬರೆದುಕೊಳ್ಳುತ್ತದೆ, ಮಣ್ಣು! ಆ ಅಂಕೆಯನ್ನು 161 ನುಂಗುತ್ತದೆ. 74ಎಚ್‌ಸಿ32ರ ಓಆರ್ ಗೇಟುಗಳು (ಎರಡರಲ್ಲಿ ಒಂದು 1 ಇದ್ದರೂ 1 ಕೊಡುವವು) ಪ್ರೊಸೆಸರಿನ ಎ14 ವಿಳಾಸ ಲೈನನ್ನು ಆ ಅಂಕೆಯ ಜೊತೆ ಸೇರಿಸುತ್ತವೆ. ಮೇಲಿನ 16 ಕೆಬಿ ಓದುವಾಗ ಎ14 1, ಆಗ ಎಲ್ಲಾ ಬಿಟ್ 1, ಅಂದರೆ ಕೊನೆಯ ಬ್ಯಾಂಕ್. ಆಟ ಶುರುವಾಗುವ ವಿಳಾಸ ಇರುವುದು ಅಲ್ಲೇ. ಹಾಗಾಗಿ 161 ಸತ್ತು ಬಿದ್ದಿದ್ದರೂ ಆಟ ಶುರು ಆಗುತ್ತದೆ, ಕೆಳಗಿನ ಬ್ಯಾಂಕ್ ಬೇಕಾದ ಗಳಿಗೆಯಲ್ಲಿ ಮುಗ್ಗರಿಸುತ್ತದೆ. ರೀಲಿನಲ್ಲಿ ಕಂಡದ್ದು ಇದೇ, ಅದಕ್ಕೇ ಅವರು ರೋಮ್‌ಗೆ ತಿಥಿ ಮಾಡಿದ್ದು.

ಈಗ ನನಗೆ ಸಿಟ್ಟು ಬರುವ ಜಾಗ. 161ರ 9ನೇ ಕಾಲಿಗೆ ಬರುವುದು ಕ್ಯಾಸೆಟ್‌ನ 14ನೇ ಪಿನ್, ರೀಡ್-ರೈಟ್ ಲೈನ್ (ಈಗ ಓದುವುದಾ ಬರೆಯುವುದಾ ಅಂತ ಹೇಳುವುದು; ಬರೆಯುವಾಗ ಸೊನ್ನೆ). ಅದರ ಬೆನ್ನ ಹಿಂದೆಯೇ 44ನೇ ಪಿನ್, ರೋಮ್ ಸೆಲೆಕ್ಟ್ (ರೋಮ್‌ನ ವಿಳಾಸ ಬಂದಾಗ ಸುದ್ದಿ ಕೊಡುವುದು), 161ರ 2ನೇ ಕಾಲಿಗೆ. ಮಾರಿಯೊ ಕ್ಯಾಸೆಟ್ 14ನೇ ಪಿನ್ನನ್ನು ಮುಟ್ಟುವುದೇ ಇಲ್ಲ! ಎ0ಯಿಂದ ಎ14, ಎಂಟು ಡೇಟಾ ಲೈನ್, 44ನೇ ಪಿನ್, ಇಷ್ಟೂ ಮಾರಿಯೊದಲ್ಲಿ ಪರೀಕ್ಷೆ ಆಗುತ್ತವೆ, 14 ಆಗುವುದಿಲ್ಲ. ಸೆಟ್‌ನ ಸ್ಲಾಟಿನಲ್ಲಿ ಆ ಒಂದು ಪಿನ್ ಕಿಲುಬು ಹಿಡಿದಿದ್ದರೂ ಮಾರಿಯೊ ಹಾರುತ್ತಾ ಇರುತ್ತಾನೆ. ದೋಷ ಸೆಟ್‌ನದ್ದು, ಶಿಕ್ಷೆ ಕ್ಯಾಸೆಟ್‌ಗೆ.

ಅದರ ಮೇಲೆ, ಕಾಂಟ್ಯಾಕ್ಟ್ ಬಿಟ್ಟ 14ನೇ ಪಿನ್ ಗಾಳಿಯಲ್ಲಿ ತೇಲುತ್ತಿದ್ದರೆ 161ಕ್ಕೆ ಅದು ಸೊನ್ನೆಯಂತೆಯೂ ಕಾಣಬಹುದು. ಆಗ ಪ್ರತಿ ಓದಿಗೂ ಡೇಟಾ ಲೈನ್ ಮೇಲೆ ಇದ್ದದ್ದನ್ನು ನುಂಗಿ ಬ್ಯಾಂಕ್ ಬದಲಿಸುತ್ತದೆ. ಒಮ್ಮೆ ಒಂದು ಥರ, ಇನ್ನೊಮ್ಮೆ ಇನ್ನೊಂದು ಥರ ಕೆಟ್ಟರೆ ಮೊದಲು ಸಂಶಯ ಬರಬೇಕಾದದ್ದು ಇಲ್ಲಿಗೆ.

ಲಕ್ಷಣ ನೋಡಿದರೂ ಅರ್ಧ ಗೊತ್ತಾಗುತ್ತದೆ. ಸಂಗೀತ ಸರಿ, ಬಟನ್‌ಗೂ ಸ್ಪಂದನೆ ಉಂಟು, ಚಿತ್ರ ಮಾತ್ರ ಕಸ: ಅದು 47ನೇ ಪಿನ್ ಅಥವಾ 6264 ರ‍್ಯಾಮ್. ಈ ಕಾಂಟ್ರಾದಲ್ಲಿ ಚಿತ್ರಕ್ಕೆ ರೋಮ್ ಇಲ್ಲ, 8 ಕೆಬಿ ರ‍್ಯಾಮ್‌ಗೆ ಬರೆಯಬೇಕು, ಬರೆಯುವ ಲೈನ್ 47. ಇದನ್ನೂ ಮಾರಿಯೊ ಮುಟ್ಟುವುದಿಲ್ಲ, ಬರೆದಿಟ್ಟುಕೊಳ್ಳಿ. ಪೂರ್ತಿ ಹ್ಯಾಂಗ್ ಆದರೆ 14 ಅಥವಾ 161. ಕೆಲವು ಸ್ಟೇಜ್ ಸರಿ, ಕೆಲವು ಹಾಳು ಅಂದರೆ 161ರ ಒಂದು ಔಟ್‌ಪುಟ್ ಸಿಕ್ಕಿಕೊಂಡಿದೆ. ರೋಮ್‌ನ ಎ16 ಲೈನಿಗೆ ಹೋಗುವ, ಬ್ಯಾಂಕ್ ನಂಬರಿನ ಅತಿ ದೊಡ್ಡ ಬಿಟ್ 1ರಲ್ಲೇ ನಿಂತರೆ 0ಯಿಂದ 3ರವರೆಗಿನ ಬ್ಯಾಂಕ್ ಕೇಳಿದಾಗ 4ರಿಂದ 7 ಬರುತ್ತದೆ. ಏನೂ ಇಲ್ಲದೆ ಬರೀ ಖಾಲಿ ಪರದೆಯಾದರೆ ರೋಮ್ ಇರಬಹುದು, ಆದರೆ 32ರ ಗೇಟ್ ಹೋದರೂ ಅದೇ ಕಾಣುತ್ತದೆ.

ಮಾಡಬೇಕಾದದ್ದು ಇಷ್ಟೇ. 99 ಶೇಕಡಾ ಐಸೊಪ್ರೊಪೈಲ್ ಆಲ್ಕೋಹಾಲ್, ಕಿವಿಯ ಹತ್ತಿ ಕಡ್ಡಿ, ಕ್ಯಾಸೆಟ್ ಅಂಚನ್ನೂ ಸ್ಲಾಟನ್ನೂ ಒರೆಸಿ. ಹಠಮಾರಿ ಕಪ್ಪಿಗೆ ಪೆನ್ಸಿಲ್ ರಬ್ಬರ್. ಸ್ಯಾಂಡ್‌ಪೇಪರ್ ಹಿಡಿದರೆ ಚಿನ್ನದ ಲೇಪ ಹೋಗಿ ತಾಮ್ರ ಹೊರಗೆ ಬರುತ್ತದೆ, ಮಲ್ಪೆ, ಸುರತ್ಕಲ್ ಬದಿಯ ಉಪ್ಪುಗಾಳಿಗೆ ತಾಮ್ರ ಎಷ್ಟು ದಿನ ಬಾಳುತ್ತದೆ ಹೇಳಿ. ಊದುವುದಂತೂ ಬೇಡವೇ ಬೇಡ, ಆಟಿ ತಿಂಗಳಲ್ಲಿ ಬಟ್ಟೆಯೇ ಒಣಗದ ಊರಿನಲ್ಲಿ ಬಾಯಿಯ ತೇವ ಬೇರೆ! ಆಮೇಲೆ ಮಲ್ಟಿಮೀಟರ್ ಬೀಪ್‌ನಲ್ಲಿ 14ರಿಂದ 9ನೇ ಕಾಲು, 44ರಿಂದ 2ನೇ ಕಾಲು; ಅದಾದ ಮೇಲೆ ವೋಲ್ಟ್ ಮೋಡಿನಲ್ಲಿ 161ರ 16ನೇ ಕಾಲಿಗೆ 5 ವೋಲ್ಟ್. ಎಲ್ಲಾ ಸರಿಯಿದ್ದರೆ ಮಾತ್ರ 161 ಬದಲಿಸಿ. ಕಾಲುಗಳನ್ನು ಕತ್ತರಿಸಿ ಒಂದೊಂದಾಗಿ ಬಿಸಿ ಮಾಡಿ ತೆಗೆಯಿರಿ, ಎಳೆದರೆ ಪ್ಯಾಡ್ ಎದ್ದು ಬರುತ್ತದೆ. ಜಾಗಕ್ಕೆ 16 ಕಾಲಿನ ಸಾಕೆಟ್.

"ಇಲ್ಲಿಯ ಕ್ಯಾಸೆಟ್‌ಗಳಲ್ಲಿ ಚಿಪ್ ಎಲ್ಲಾ ಕಪ್ಪು ಅಂಟಿನ ಗುಪ್ಪೆಯೊಳಗೆ, ಬದಲಿಸುವುದು ಎಂತದನ್ನು?" ಅಂತ ಯಾರಾದರೂ ಬರುತ್ತೀರಿ, ಗೊತ್ತುಂಟು. ಒಪ್ಪಿದೆ, ಗುಪ್ಪೆ ಒಳಗಿನದ್ದಕ್ಕೆ ಯಾರೂ ಏನೂ ಮಾಡುವ ಹಾಗಿಲ್ಲ. ಆದರೆ 14ನೇ ಪಿನ್ ಗುಪ್ಪೆಯ ಹೊರಗೇ ಇರುವುದಲ್ಲವಾ? ಅದನ್ನು ಒರೆಸಲು ಯಾರ ಅಪ್ಪಣೆ ಬೇಕು?

ರೋಮ್ ಕಡೆಗೆ. ನಿಜವಾಗಿಯೂ ಹೋಗಿದ್ದರೆ 39ಎಸ್‌ಎಫ್010 ಫ್ಲ್ಯಾಶ್ (ನಾವೇ ಬರೆಯಬಹುದಾದ ಚಿಪ್) ಸಾಕು, ಅದೂ 128 ಕೆಬಿ. ಹಳೆ ಮಾಸ್ಕ್ ರೋಮ್ (ಕಾರ್ಖಾನೆಯಲ್ಲೇ ಬರೆದದ್ದು) 28 ಕಾಲಿನದ್ದು, ಇದು 32, ನೇರ ಕೂರಿಸಿದರೆ ಕೆಲಸ ಮಾಡುವುದಿಲ್ಲ, ತಂತಿ ಎಳೆಯಬೇಕು. 31ನೇ ಕಾಲನ್ನು, ಅಂದರೆ ರೈಟ್ ಎನೇಬಲ್, 5 ವೋಲ್ಟಿಗೆ ಕಟ್ಟಿಬಿಡಿ. ತೇಲಲು ಬಿಡಬೇಡಿ.